ಹನ್ನೊಂದು ಗೆರೆ

ಜಾಕ್‌ನ ಬುಡಕ್ಕೆ ಕೂದಲು ಅಂಟಿಕೊಂಡಿತ್ತು.

ಮರಳುಗುಡ್ಡೆಯ ಹಿಂದಿನಿಂದ ಆ ಕಬ್ಬಿಣದ ಕಂಬವನ್ನು ಎಳೆದು ತಂದ ಪೇದೆ ಶಶಿಕುಮಾರ್ ಕೂದಲು ಕಂಡದ್ದೇ ತಡ, ಅದನ್ನು ನೆಲಕ್ಕೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹೊಸ ಸ್ಲ್ಯಾಬ್ ಗಟ್ಟಿಯಾಗುವವರೆಗೆ ಅದರ ಕೆಳಗೆ ಸಾಲಾಗಿ ಆನಿಸಿ ನಿಲ್ಲಿಸುವ ಜಾಕ್ ಅದು. ಆಳೆತ್ತರ. ಬುಡಕ್ಕೆ ಅಂಗೈಯಗಲದ ಉಕ್ಕಿನ ತಟ್ಟೆ. ತಟ್ಟೆಯ ಒಂದು ಮೂಲೆಯಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಅದರೊಳಗೆ ಕೂದಲು, ಚರ್ಮದ ಚೂರು.

"ಸ್ಲ್ಯಾಬ್ ಬಿದ್ದು ಸತ್ತೋರ ಕೂದ್ಲು ಜಾಕ್‌ಗೆ ಅಂಟ್ಕೊಳ್ಳೋದು ಸಹಜ ಅಲ್ವಾ ಮೇಡಂ?"

ಸಬ್ ಇನ್ಸ್‌ಪೆಕ್ಟರ್ ಸೌಮ್ಯಶ್ರೀ ಕುಕ್ಕರಗಾಲಲ್ಲಿ ಕೂತು ನೋಡಿದಳು. "ಹೆಣ ಎಲ್ಲಿತ್ತು ಶಶಿ?"

"ಅಲ್ಲಿ, ಪೋರ್ಟಿಕೊ ಕೆಳಗೆ."

"ಈ ಜಾಕ್?"

"ಇಲ್ಲಿ, ಮರಳಿನ ಹಿಂದೆ."

"ನಲವತ್ತು ಅಡಿ ದೂರ. ಸ್ಲ್ಯಾಬ್ ಬಿದ್ದ ಸದ್ದಿಗೆ ಜಾಕೇ ಹೆದರಿ ಓಡಿಬಂದು ಬಚ್ಚಿಟ್ಕೊಳ್ತಾ?"

ಶಶಿಕುಮಾರ್ ಜಾಕಿನಿಂದ ಇನ್ನೊಂದು ಹೆಜ್ಜೆ ಹಿಂದೆ ಸರಿದ.

ಮಲ್ಲತ್ತಹಳ್ಳಿ ಕೆರೆಯ ಬದಿಯ ಈ ಅಪಾರ್ಟ್‌ಮೆಂಟ್ ಸೈಟಿನಲ್ಲಿ ಪೋರ್ಟಿಕೊ ಕುಸಿದು ಇವತ್ತಿಗೆ ಮೂರು ದಿನ. ಹದಿನಾರನೇ ತಾರೀಕು, ಮಧ್ಯಾಹ್ನ ಊಟದ ಹೊತ್ತು. ಅಡಿಯಲ್ಲಿ ಸಿಕ್ಕಿದ್ದು ಒಂದೇ ಹೆಣ: ಯಾವ ಕೆಲಸ ಯಾವತ್ತು ಆಗಬೇಕೆಂದು ಗೊತ್ತುಮಾಡುತ್ತಿದ್ದ ಪ್ಲಾನಿಂಗ್ ಇಂಜಿನಿಯರ್ ಬಸವಕಿರಣ್. ಅದೇ ಹೊತ್ತಿನಿಂದ ಸೆಂಟ್ರಿಂಗ್ ಮೇಸ್ತ್ರಿ ಮಧುಕುಮಾರ್ ನಾಪತ್ತೆ. ಜಾಕ್ ನಿಲ್ಲಿಸುವುದೂ ಬಿಚ್ಚುವುದೂ ಅವನ ಕೆಲಸ. ಊರಿಗೆ ಅಷ್ಟು ಸಾಕಾಗಿತ್ತು. ಮಧು ಬಿಚ್ಚಿದ, ಸ್ಲ್ಯಾಬ್ ಬಿತ್ತು, ಅವನು ಓಡಿಹೋದ.

ಹೆಣವನ್ನು ಹೊರಗೆಳೆದಾಗ ಸೌಮ್ಯಶ್ರೀ ಅಲ್ಲೇ ಇದ್ದಳು. ಸ್ಲ್ಯಾಬಿನ ಅಂಚು ನೇರ ತಲೆಯ ಮೇಲೆ ಕೂತಿತ್ತು. ಇಂಜಿನಿಯರರ ಬಿಳಿ ಹೆಲ್ಮೆಟ್ ಹಪ್ಪಳದಂತೆ ಚಪ್ಪಟೆಯಾಗಿತ್ತು. ಅದರೊಳಗೆ ಮುಖ ಎನ್ನುವುದು ಉಳಿದಿರಲಿಲ್ಲ.

ಜೇಬಿನಲ್ಲಿ ಫೋನ್ ನಡುಗಿತು. ಬೆಳಗಿನಿಂದ ಇದು ನಾಲ್ಕನೇ ಸಲ. ಚಂದ್ರಾ ಲೇಔಟಿನ ಜಗದಾಂಬಾ, ಬಸವಕಿರಣನ ತಾಯಿ.

"ಲಿಂಗ ಸಿಕ್ತೇನವ್ವಾ?"

"ಹುಡುಕ್ತಾ ಇದೀವಿ ಅಮ್ಮ."

"ಸ್ನಾನ ಮಾಡುವಾಗ್ಲೂ ಕೊರಳಿಂದ ತೆಗೀತಿರಲಿಲ್ಲ ನನ್ನ ಮಗ. ಲಿಂಗ ಇಡೋ ಬೆಳ್ಳಿ ಕರಡಿಗೆ, ಅವರಪ್ಪಂದು. ಮುಚ್ಚಳದ ಮೇಲೆ ನಂದಿ ಐತಿ, ಒಂದು ಕೊಂಬು ಮುರಿದೈತಿ. ಅದನ್ನ ಕದ್ದು ನಿಮ್ಮೋರು ಏನು ಉದ್ಧಾರ ಆಗ್ತಾರೆ? ಮಠದಿಂದ ಬೇರೆ ಲಿಂಗ ತರಿಸಿ ಅಂಗೈಯಾಗಿಟ್ಟು ಮಣ್ಣು ಮಾಡಿದ್ವಿ. ಪರರ ಲಿಂಗ ಹಿಡ್ಕೊಂಡು ಹೋದ ನನ್ನ ಕಂದ."

ಸೌಮ್ಯಶ್ರೀಯೂ ಅದೇ ಆಚಾರದ ಮನೆಯ ಹುಡುಗಿ. ದಾವಣಗೆರೆಯಲ್ಲಿ ತಾತನನ್ನು ಸಮಾಧಿಯಲ್ಲಿ ಕೂರಿಸಿದಾಗ, ಅವರು ಹುಟ್ಟಿದಂದಿನಿಂದ ಕಟ್ಟಿಕೊಂಡಿದ್ದ ಲಿಂಗವನ್ನೇ ಎಡಗೈಯಲ್ಲಿಟ್ಟು ಬೆರಳು ಮಡಿಸಿದ್ದನ್ನು ನೋಡಿದ್ದಳು. ಅವಶೇಷದಲ್ಲಿ ಯಾರೋ ಕೂಲಿಯವನ ಕಣ್ಣಿಗೆ ಬೆಳ್ಳಿ ಬಿದ್ದಿರಬೇಕು ಎಂದುಕೊಂಡು ಫೋನ್ ಇಟ್ಟಳು.

ಗಂಟೆ ಎರಡೂವರೆ. ನಾಲ್ಕಕ್ಕೆ ಠಾಣೆಯಲ್ಲಿರಬೇಕು. ಅಪಘಾತ ಎಂದು ಬರೆದು ಫೈಲ್ ಮುಚ್ಚುವುದೆಂದು ಇನ್ಸ್‌ಪೆಕ್ಟರ್ ಚನ್ನಮಲ್ಲಪ್ಪ ಬೆಳಗ್ಗೆಯೇ ಹೇಳಿದ್ದರು.

"ಜಾಕನ್ನ ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕು," ಎಂದಳು. "ಬರಿಗೈಲಿ ಮುಟ್ಟಬೇಡ."

"ಈಗಾಗ್ಲೇ ಮುಟ್ಬಿಟ್ನಲ್ಲ ಮೇಡಂ."

"ಹಾಗಾದ್ರೆ ಮೊದಲನೇ ಆರೋಪಿ ನೀನೇ. ನಡಿ."

* * *

ಸೈಟ್ ಆಫೀಸ್ ಎಂದರೆ ತಗಡಿನ ಒಂದು ಕೋಣೆ. ಒಂದು ಗೋಡೆಯ ತುಂಬ ಒಂದೇ ಕಾಗದ. ಎಡಗಡೆ ಕೆಲಸಗಳ ಹೆಸರು, ಮೇಲೆ ತಾರೀಕು, ನಡುವೆ ನೀಲಿ ಪಟ್ಟೆಗಳು. ಒಂದು ಪಟ್ಟೆಯಿಂದ ಇನ್ನೊಂದಕ್ಕೆ ಸಣ್ಣ ಕೆಂಪು ಬಾಣ.

ನಿನ್ನೆ ಪ್ರಾಜೆಕ್ಟ್ ಮ್ಯಾನೇಜರ್ ಸಿದ್ದಲಿಂಗೇಶ್ ಇದೇ ಚಾರ್ಟಿನ ಮುಂದೆ ನಿಂತು ಅವಳಿಗೆ ಪಾಠ ಮಾಡಿದ್ದ. ನಲವತ್ತರ ಆಸುಪಾಸು, ಧೂಳಿನ ಸೈಟಿನಲ್ಲೂ ಮಡಿಕೆ ಮುರಿಯದ ಬಿಳಿ ಶರ್ಟು, ಹಣೆಗೆ ಮೂರು ಬೆರಳ ವಿಭೂತಿ. "ಮೇಡಂ ನಮ್ಮ ದಾವಣಗೆರೆ ಕಡೆಯೋರಂತೆ!" ಎಂದು ಟೀ ತರಿಸಿದ್ದ. ಆಮೇಲೆ ಪೆನ್ನಿನಿಂದ ತೋರಿಸಿದ್ದ: "ಬಾಣ ನೋಡಿ. ಇದು ಮುಗಿಯದೆ ಅದು ಶುರುವಾಗಂಗಿಲ್ಲ ಅಂತ ಅರ್ಥ. ಸ್ಲ್ಯಾಬ್ ಹೊಯ್ದು ಹದಿನಾಲ್ಕು ದಿನ ಆಗ್ಬೇಕು, ಆಮೇಲೆ ಜಾಕ್ ಬಿಚ್ಚೋದು. ಪೋರ್ಟಿಕೊ ಹೊಯ್ದಿದ್ದು ಎರಡನೇ ತಾರೀಕು, ಬಿಚ್ಚಿದ್ದು ಹದಿನಾರು. ಲೆಕ್ಕ ಸರಿ ಇದೆ. ಮಧು ಒಂದೊಂದಾಗಿ ಬಿಚ್ಚೋ ಬದಲು ಒಟ್ಟಿಗೆ ಎಳೆದ, ಅಷ್ಟೇ. ಹಣೆಬರಹ."

ಇವತ್ತು ಕೋಣೆಯಲ್ಲಿ ಯಾರೂ ಇರಲಿಲ್ಲ. ಸೌಮ್ಯಶ್ರೀ ಚಾರ್ಟಿನ ಹತ್ತಿರ ಹೋಗಿ ಬಾಣಗಳ ಮೇಲೆ ಬೆರಳಾಡಿಸುತ್ತ ಬಂದಳು. ಪಾಯದಿಂದ ಕಂಬಕ್ಕೆ, ಕಂಬದಿಂದ ಸ್ಲ್ಯಾಬಿಗೆ, ಸ್ಲ್ಯಾಬಿನಿಂದ ಗೋಡೆಗೆ. ಎಲ್ಲ ಬಾಣವೂ ಎಡದಿಂದ ಬಲಕ್ಕೆ, ಇವತ್ತಿನಿಂದ ನಾಳೆಗೆ. ಓಡುವ ಇರುವೆ ಸಾಲಿನ ಹಾಗೆ.

ಒಂದು ಬಿಟ್ಟು.

ಕೆಳಗಿನಿಂದ ಐದನೇ ಸಾಲಿನಲ್ಲಿ ಒಂದು ಬಾಣ ಸೊಟ್ಟಗೆ ಬಾಗಿ, ಹಿಂದಕ್ಕೆ ತಿರುಗಿತ್ತು. ಬಲದಿಂದ ಎಡಕ್ಕೆ.

ಅವಳು ಓದಿದಳು. ಲಿಫ್ಟ್ ಗುಂಡಿ, ನೀರು ಸೋರದಂತೆ ತಳಕ್ಕೆ ಲೇಪ: 24. ಲಿಫ್ಟ್ ಗುಂಡಿ, ಕಾಂಕ್ರೀಟ್: 19.

ಲೇಪ ಕೆಳಗೆ, ಕಾಂಕ್ರೀಟ್ ಮೇಲೆ. ಕಾಂಕ್ರೀಟ್ ಹಾಕಿ ಐದು ದಿನ ಕಳೆದ ಮೇಲೆ ಅದರ ಅಡಿಗೆ ಲೇಪ ಬಳಿಯುವುದು ಹೇಗೆ? ಬಸವಕಿರಣ್ ಹಾಕಿದ ಬಾಣ ಇನ್ನೂ ಹಾಗೇ ಇತ್ತು. ಯಾರೋ ಕಂಪ್ಯೂಟರಿನಲ್ಲಿ ಕಾಂಕ್ರೀಟಿನ ಪಟ್ಟೆಯೊಂದನ್ನೇ ಹಿಡಿದು ಹಿಂದಕ್ಕೆ ಎಳೆದು ಹೊಸ ಪ್ರಿಂಟ್ ತೆಗೆದಿದ್ದರು. ಬಾಣವೂ ಹಗ್ಗ ಕಟ್ಟಿದ ಕರುವಿನಂತೆ ಅದರ ಹಿಂದೆ ಹೋಗಿತ್ತು. ಎಳೆದವರು ಅದನ್ನು ಗಮನಿಸಿರಲಿಲ್ಲ.

ಇವತ್ತು ಹತ್ತೊಂಬತ್ತು.

* * *

ಸ್ಟೋರ್ ಶೆಡ್ಡಿನ ಹಿಂದೆ ಮೂರು ಕಲ್ಲಿನ ಒಲೆ ಹೂಡಿ ಲಿಂಗಮ್ಮ ಮುದ್ದೆಗೆ ಎಸರು ಇಟ್ಟಿದ್ದಳು. ಹಣೆಗೆ ಕಟ್ಟಿದ ಬಟ್ಟೆಯ ಪಟ್ಟಿಯಲ್ಲಿ ರಕ್ತ ಒಸರಿ ಒಣಗಿತ್ತು. ಹೊಸ ಸ್ಲ್ಯಾಬಿಗೆ, ಕಂಬಕ್ಕೆ ದಿನಾ ನೀರು ಹೊಡೆಯುವವಳು ಅವಳೇ. ನಾಪತ್ತೆಯಾದ ಮಧುಕುಮಾರ್ ಅವಳ ಮಗ. ಮೂರು ದಿನದಿಂದ ಮನೆಗೆ ಹೋಗದೆ ಇಲ್ಲೇ ಇದ್ದಳು.

"ಹಣೆಗೇನಾಯ್ತು ಲಿಂಗಮ್ಮ?"

"ಇಂಜಿನೀರಪ್ಪನ್ನ ಮಣ್ಣು ಮಾಡೋ ಕಡೆ ಹೋಗಿದ್ದೆ ಕಣವ್ವ. ಒಳ್ಳೇರು ಅವ್ರು. ನನ್ ಮಗುಂಗೆ ಅಣ್ಣನಂಗಿದ್ರು. ಇವಳ ಮಗನೇ ಕೊಂದವ್ನು ಅಂತ ಯಾರೋ ಕಲ್ಲು ಬೀಸುದ್ರು. ಬೀಸ್ಲಿ. ರಕ್ತ ಒರೆಸ್ಕೊಂಡೇ ನಾನೂ ಒಂದ್ ಹಿಡಿ ಮಣ್ಣು ಹಾಕ್ಬುಟ್ಟು ಬಂದೆ."

"ಮಧು ಜಾಕ್ ಬಿಚ್ಚಿದ್ದು ನಿಜಾನಾ?"

ಲಿಂಗಮ್ಮ ಸೌದೆಯನ್ನು ಒಲೆಗೆ ತಿವಿದಳು. "ಗೆರೆ ಎಣಿಸ್ದೆ ಜಾಕ್ ಮುಟ್ಟೋನಲ್ಲ ನನ್ ಮಗ."

"ಯಾವ ಗೆರೆ?"

ಅವಳು ಎದ್ದು ಸೌಮ್ಯಶ್ರೀಯನ್ನು ನೀರಿನ ಮೋಟಾರಿನ ಗೋಡೆಗೆ ಕರೆದೊಯ್ದಳು. ಇಟ್ಟಿಗೆ ಚೂರಿನಿಂದ ಎಳೆದ ಗೆರೆಗಳ ಗುಂಪು ಗೋಡೆಯ ತುಂಬ. ಪ್ರತಿ ಗುಂಪಿನ ಮೇಲೂ ಒಂದು ಚಿತ್ರ: ಮೆಟ್ಟಿಲು, ಕಂಬ, ಚಪ್ಪರ.

"ನಂಗ್ ಓದಕ್ ಬರಲ್ಲ. ಇಂಜಿನೀರಪ್ಪನೇ ಹೇಳ್ಕೊಟ್ಟಿದ್ದು. ದಿನಾ ಬೆಳಿಗ್ಗೆ ಮೊದಲ್ನೇ ನೀರು ಹೊಡ್ದ ಮೇಲೆ ಒಂದ್ ಗೆರೆ. 'ಹದ್ನಾಕ್ ಗೆರೆ ಆಗೋಗಂಟ ಯಾರಾದ್ರೂ ಜಾಕ್ ಮುಟ್ಟುದ್ರೆ ಕೈ ಮುರಿ ಲಿಂಗಮ್ಮ, ನಾನಾದ್ರೂ ಸರಿ' ಅಂದಿದ್ರು."

ಸೌಮ್ಯಶ್ರೀ ಚಪ್ಪರದ ಚಿತ್ರದ ಕೆಳಗೆ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು.

ಹನ್ನೊಂದು.

"ಒಂದು ದಿನಾನೂ ತಪ್ಪಿಸಿಲ್ವಾ?"

"ಜ್ವರ ಬಂದಿದ್ ದಿನಾನೂ ಬಂದಿವ್ನಿ. ಇದು ನಮ್ಮ ರಾಗಿ ಹೊಲ ಆಗಿತ್ತು ಕಣವ್ವ. ಆಗ ಪೈರಿಗೆ ನೀರು ಬಿಡ್ತಿದ್ದೆ, ಈಗ ಸಿಮೆಂಟಿಗೆ ಬಿಡ್ತೀನಿ. ನೀರು ತಪ್ಪಿಸಿದ್ರೆ ಎರಡೂ ಸಾಯ್ತವೆ."

ಹದಿನಾರರ ಬೆಳಗ್ಗೆ ಹನ್ನೊಂದನೇ ಗೆರೆ. ಹಾಗಾದರೆ ಸ್ಲ್ಯಾಬ್ ಹೊಯ್ದದ್ದು ಐದನೇ ತಾರೀಕು, ಎರಡಲ್ಲ. ಹಸಿ ಸ್ಲ್ಯಾಬಿನ ಕೆಳಗಿಂದ ಮೂರು ದಿನ ಮೊದಲೇ ಜಾಕ್ ಎಳೆದಿದ್ದಾರೆ. ಆಮೇಲೆ ಚಾರ್ಟಿನಲ್ಲಿ ತಾರೀಕು ತಿದ್ದಿದ್ದಾರೆ. ಆದರೆ ಓದು ಬಾರದ ಹೆಂಗಸಿನ ಇಟ್ಟಿಗೆ ಗೆರೆಯನ್ನು ಯಾವ ಕೋರ್ಟು ನಂಬುತ್ತದೆ?

"ಲಿಂಗಮ್ಮ, ಸ್ಲ್ಯಾಬ್ ಹೊಯ್ಯೋ ದಿನ ಚೌಕದ ಅಚ್ಚು ಹೊಯ್ತಾರಂತಲ್ಲ?"

"ಕ್ಯೂಬಾ? ಹೂಂ. ಅದೇ ಕಾಂಕ್ರೀಟ್ ತಗಂಡು ಅರ್ಧ ಅಡಿ ಅಚ್ಚಿಗೆ ತುಂಬಿ, ಹಸಿ ಇದ್ದಂಗೇ ಮೊಳೇಲಿ ತಾರೀಕು ಕೊರೀತಾರೆ. ಆಮೇಲೆ ಒಡ್ದು ಗಟ್ಟಿ ನೋಡಕ್ಕೆ ತೊಟ್ಟಿ ನೀರಲ್ಲಿ ಮುಳುಗಿಸ್ತಾರೆ."

ತೊಟ್ಟಿ ಪಕ್ಕದಲ್ಲೇ ಇತ್ತು. ಸೌಮ್ಯಶ್ರೀ ತೋಳು ಮಡಚಿ ಒಂದೊಂದೇ ಕ್ಯೂಬ್ ಎತ್ತಿ ನೋಡಿದಳು. ಮೆಟ್ಟಿಲಿನದು ಇತ್ತು, ಕಂಬದ್ದು ಇತ್ತು. ಪೋರ್ಟಿಕೊದ್ದು ಒಂದೂ ಇರಲಿಲ್ಲ. ತಳದಲ್ಲಿ ಅವು ಕೂತಿದ್ದ ಜಾಗ ಮಾತ್ರ ಕೆಸರಿಲ್ಲದೆ ಬೆಳ್ಳಗಿತ್ತು.

ತೋಳಿನಿಂದ ನೀರು ತೊಟ್ಟಿಕ್ಕಿಸುತ್ತ ನಿಂತವಳ ಮುಖ ನೋಡಿ ಲಿಂಗಮ್ಮ ಸೆರಗಿನ ತುದಿ ತಿರುಚತೊಡಗಿದಳು.

"ಬೈಬ್ಯಾಡ ಕಣವ್ವ."

"ಯಾಕೆ?"

"ಒಲೆಗೆ ಒಂದ್ ಕಲ್ಲು ಕಮ್ಮಿ ಬಿದ್ದಿತ್ತು. ಅವತ್ ಈ ತೊಟ್ಟಿಯಿಂದ ಒಂದ್ ತಗಂಡೆ."

ಎಸರಿನ ಪಾತ್ರೆ ಇಳಿಯಿತು. ಉರಿ ಆರಿಸಿ ಒಲೆಯ ಮೂರನೇ ಕಲ್ಲಿನ ಮೇಲೆ ನೀರು ಸುರಿದಾಗ ಅದು ಹಾವಿನಂತೆ ಬುಸ್ಸೆಂದಿತು. ಮಸಿ ತೊಳೆದುಹೋದ ಮೈಮೇಲೆ ಮೊಳೆಯ ಬರಹ ಎದ್ದು ಬಂತು: ಪೋರ್ಟಿಕೊ. ಅದರ ಕೆಳಗೆ ತಿಂಗಳು, ಇಸವಿ, ಮೊದಲಲ್ಲಿ ದುಂಡಗೆ ಒಂದು ಐದು.

ಲಿಂಗಮ್ಮ ಅದನ್ನು ಒದ್ದೆ ಗೋಣಿಚೀಲಕ್ಕೆ ಹಾಕಿ ಬಾಯಿ ಗಂಟಿಕ್ಕಿದಳು. "ಇದ್ರಿಂದ ನನ್ ಮಗ ಸಿಕ್ತಾನಾ?"

"ಅವನು ತಪ್ಪು ಮಾಡಿಲ್ಲ ಅಂತ ಹೇಳುತ್ತೆ."

"ನಾನ್ ಕೇಳಿದ್ದು ಅದಲ್ಲ."

ಸೌಮ್ಯಶ್ರೀಯ ಕಣ್ಣು ತಾನಾಗಿಯೇ ಕಟ್ಟಡದ ನಡುವಿನ ಲಿಫ್ಟ್ ಗುಂಡಿಯ ಕಡೆ ಹೋಯಿತು. ಅವಸರವಾಗಿ ತುಂಬಿಬಿಡಬೇಕಾದ ಗುಂಡಿ. ಮೂರು ದಿನದಿಂದ ಕಾಣದ ಮನುಷ್ಯ. ಇವೆರಡನ್ನು ಕೂಡಿಸಿ ತಾಯಿಗೆ ಹೇಳುವ ನಾಲಿಗೆ ಅವಳಿಗಿರಲಿಲ್ಲ.

ಗೇಟಿನ ಕಡೆಯಿಂದ ಡ್ರಮ್ಮು ತಿರುಗುವ ಗರಗರ ಸದ್ದು ಬಂತು. ಕಾಂಕ್ರೀಟ್ ಲಾರಿ.

ಅವಳು ಓಡಿದಳು. ಜೀಪಿನ ಬಳಿಯಿದ್ದ ಶಶಿಕುಮಾರನೂ ಹಿಂದೆಯೇ ಓಡಿಬಂದ.

* * *

ಲಾರಿ ಹಿಮ್ಮುಖವಾಗಿ ಬಂದು, ಕಾಂಕ್ರೀಟ್ ಇಳಿಯುವ ಅದರ ತಗಡಿನ ದೋಣಿ ಗುಂಡಿಯ ಬಾಯಿಗೆ ಚಾಚಿಯಾಗಿತ್ತು. ಅಂಚಿನಲ್ಲಿ ಸಿದ್ದಲಿಂಗೇಶ್, ಕೈಯಲ್ಲಿ ಹಾರೆ. ಬಿಳಿ ಶರ್ಟು ಇವತ್ತೂ ಮಡಿಕೆ ಮುರಿದಿರಲಿಲ್ಲ.

"ಲಾರಿ ನಿಲ್ಲಿಸಿ," ಎಂದಳು.

"ಆರ್ಡರ್ ಇದೆಯಾ ಮೇಡಂ?"

"ಇಲ್ಲ. ಅನುಮಾನ ಇದೆ."

"ನಿಮ್ಮ ಅನುಮಾನ ಮುಗಿಯೋವರೆಗೂ ಕಾಂಕ್ರೀಟ್ ಕಾಯಲ್ಲ. ಡ್ರಮ್ಮಲ್ಲೇ ಕಲ್ಲಾಗುತ್ತೆ." ಅವನು ನಕ್ಕ. "ಚನ್ನಮಲ್ಲಪ್ಪನೋರಿಗೆ ಫೋನ್ ಮಾಡ್ಲಾ?"

"ಮಾಡಿ. ಹಾಗೇ ನಿಮ್ಮ ಪಾಠಾನೂ ಅವರಿಗೆ ಹೇಳಿ. ಇದು ಮುಗಿಯದೆ ಅದು ಶುರುವಾಗಂಗಿಲ್ಲ. ಲೇಪ ಇಪ್ಪತ್ನಾಲ್ಕಕ್ಕೆ, ಕಾಂಕ್ರೀಟ್ ಇವತ್ತು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋರನ್ನ ನೋಡಿದೀನಿ. ನೀವು ನಾಮಕರಣಾನೇ ಮುಗಿಸ್ತಾ ಇದೀರಲ್ಲ!"

ನಗು ಅವನ ತುಟಿಯ ಮೇಲೇ ಉಳಿಯಿತು. ಕಣ್ಣು ಮಾತ್ರ ಬದಲಾಯಿತು.

"ಪ್ರಿಂಟಿಂಗ್ ಮಿಸ್ಟೇಕ್."

"ಪೋರ್ಟಿಕೊದ್ದೂ ಮಿಸ್ಟೇಕಾ? ಐದನೇ ತಾರೀಕು ಹೊಯ್ದಿದ್ದು ಎರಡು ಆಗಿದೆ. ತೊಟ್ಟಿಯಿಂದ ಕ್ಯೂಬ್ ತೆಗೆದವರು ಲೆಕ್ಕ ಮಾಡಬೇಕಿತ್ತು ಸಾರ್. ಒಂದು ನನ್ನ ಹತ್ರ ಇದೆ."

ಉತ್ತರಕ್ಕೆ ಕಾಯದೆ ಅವಳು ಗುಂಡಿಗೆ ಇಳಿದಳು. ಎದೆಯಾಳ. ಸುತ್ತ ಅಂಚಿನಲ್ಲಿ ಗೋಡೆಗೆಂದು ಬಿಟ್ಟ ಕಂಬಿಗಳು ಈಟಿಗಳಂತೆ ಮೇಲ್ಮುಖವಾಗಿ ನಿಂತಿದ್ದವು. ಗೆದ್ದಲು ಔಷಧಿಯ ಘಾಟಿಗೆ ಕಣ್ಣಲ್ಲಿ ನೀರು ಬಂತು. ಒಂದು ಮೂಲೆಯ ಮಣ್ಣು ಉಳಿದ ಕಡೆಗಿಂತ ಮೆತ್ತಗಿತ್ತು. ಬೂಟಿನಿಂದ ಕೆದಕಿದಳು. ಗೇಣು ಆಳದಲ್ಲಿ ಗೋಣಿಯ ಮೂಲೆ. ಕೆದಕಿದಷ್ಟೂ ಗೋಣಿ ಉದ್ದವಾಯಿತು. ಆಳುದ್ದ.

ಔಷಧಿಯ ಘಾಟನ್ನೂ ಮೀರಿ ಇನ್ನೊಂದು ವಾಸನೆ ಮೂಗಿಗೆ ಅಡರಿತು.

"ಶಶಿ! ಅವನನ್ನ ಹಿಡಿ!"

ತಲೆಯೆತ್ತಿದಾಗ ಹಾರೆ ಆಗಲೇ ಗಾಳಿಯಲ್ಲಿತ್ತು. ಅದು ಶಶಿಕುಮಾರನ ದವಡೆಗೆ ಬಿದ್ದ ಸದ್ದು ತೆಂಗಿನಕಾಯಿ ಒಡೆದಂತೆ ಕೇಳಿಸಿತು. ಅವನು ಬಾಯಿ ಹಿಡಿದುಕೊಂಡು ಕುಸಿದ. ಬೆರಳ ಸಂದಿಯಿಂದ ರಕ್ತದ ಜೊತೆ ಎರಡು ಹಲ್ಲು ಉದುರಿದವು. ಡ್ರೈವರ್ ಕಿರುಚಿಕೊಂಡು ಗೇಟಿನ ಕಡೆ ಓಡಿದ.

ಸಿದ್ದಲಿಂಗೇಶ್ ಲಾರಿಯ ಹಿಂದಿನ ಹಿಡಿಯನ್ನು ಎರಡೂ ಕೈಯಲ್ಲಿ ಎಳೆದ.

ಕಾಂಕ್ರೀಟ್ ಬಂತು.

ಮೊದಲ ಹೊಡೆತಕ್ಕೆ ಸೌಮ್ಯಶ್ರೀಯ ಎಡ ಭುಜದಲ್ಲಿ ಏನೋ ಲಟಕ್ಕೆಂದಿತು. ಜಲ್ಲಿ, ಮರಳು, ಸಿಮೆಂಟು, ತಣ್ಣಗಿನ ಭಾರ, ಬೆನ್ನ ಮೇಲೆ, ಕುತ್ತಿಗೆಯ ಮೇಲೆ. ಕಾಲು ಕೀಳಲು ನೋಡಿದಳು. ಮೊಣಕಾಲು ಮುಳುಗಿತ್ತು. ಸೊಂಟದ ಪಿಸ್ತೂಲಿಗೆ ಕೈ ಹಾಕಿದರೆ ಸಿಕ್ಕಿದ್ದು ಹಿಡಿ ತುಂಬ ಜಲ್ಲಿ. ಸೊಂಟವೂ ಮುಳುಗಿತ್ತು. ಬಾಯೊಳಗೆ ಸಿಮೆಂಟು ಹೋಗಿ ನಾಲಿಗೆ ಸುಣ್ಣ ತಾಗಿದಂತೆ ಉರಿಯಿತು.

"ಕಂಪ್ಲೇಂಟ್ ಹೆಂಗೆ ಬರೀತಾರೆ ಗೊತ್ತಾ ಮೇಡಂ?" ಮೇಲಿನಿಂದ ಸಿದ್ದಲಿಂಗೇಶ್ ಕೂಗಿದ. "ಎಸ್‌ಐ ಮೇಡಂ ಕಾಲು ಜಾರಿ ಗುಂಡಿಗೆ ಬಿದ್ರು! ಹಣೆಬರಹ!"

ಹಾರೆಯನ್ನು ಈಟಿಯಂತೆ ಎತ್ತಿ ಅವಳ ತಲೆಗೆ ಗುರಿಯಿಟ್ಟ. ಗುರಿಯಿಡಲು ಒಂದು ಹೆಜ್ಜೆ ಅಂಚಿಗೆ ಬಂದ.

ಆ ಹೆಜ್ಜೆಗೇ ಕಾದವಳಂತೆ ಲಿಂಗಮ್ಮ ಅವನ ಬೆನ್ನ ಹಿಂದೆ ನಿಂತಿದ್ದಳು. ಒದ್ದೆ ಗೋಣಿಚೀಲದ ಗಂಟನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆಯುವವಳಂತೆ ಒಮ್ಮೆ ಹಿಂದಕ್ಕೆ ಬೀಸಿ ಮುಂದಕ್ಕೆ ಬಿಟ್ಟಳು. ಎಂಟು ಕೆಜಿ ಕಲ್ಲು ಅವನ ಮೊಣಕಾಲಿನ ಚಿಪ್ಪಿಗೆ ಪಕ್ಕದಿಂದ ಬಡಿಯಿತು. ಕಾಲು ಬಾಗಬಾರದ ಕಡೆಗೆ ಬಾಗಿತು.

ಅವನು ತಲೆಕೆಳಗಾಗಿ ಗುಂಡಿಗೆ ಬಿದ್ದ. ಕಿರುಚಾಟ ಅರ್ಧಕ್ಕೇ ನಿಂತು ಮತ್ತೆ ಇನ್ನೂ ಎತ್ತರದಲ್ಲಿ ಶುರುವಾಯಿತು. ಅಂಚಿನ ಕಂಬಿಯೊಂದು ಅವನ ತೊಡೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಗೇಣುದ್ದ ಹೊರಗೆ ಬಂದಿತ್ತು. ಬಿಳಿ ಪ್ಯಾಂಟಿನ ಮೇಲೆ ಕೆಂಪು ಹರಡುತ್ತ ಹೋಯಿತು.

ದವಡೆ ಹಿಡಿದುಕೊಂಡೇ ಶಶಿಕುಮಾರ್ ತೆವಳಿ ಹೋಗಿ ಲಾರಿಯ ಹಿಡಿಯನ್ನು ಮೇಲಕ್ಕೆ ತಳ್ಳಿದ. ಕಾಂಕ್ರೀಟ್ ನಿಂತಿತು.

* * *

"ಅಲುಗಾಡಬೇಡ," ಸೌಮ್ಯಶ್ರೀ ಏದುಸಿರು ಬಿಟ್ಟಳು. ಅವರಿಬ್ಬರ ನಡುವೆ ಒಂದು ಮಾರು ದೂರ, ಅಷ್ಟೇ. "ಅಲುಗಾಡಿದ್ರೆ ರಕ್ತ ಖಾಲಿಯಾಗಿ ಸಾಯ್ತೀಯ. ಗೋಣಿಯಲ್ಲಿ ಯಾರಿದಾರೆ?"

"ನಾನ್ ಕೊಂದಿಲ್ಲ! ಬಸವಣ್ಣನಾಣೆಗೂ ನಾನ್ ಕೊಂದಿಲ್ಲ!"

"ಯಾರಿದಾರೆ?"

"ಗೋಣಿ ಕಟ್ಟಿ ಕೊಟ್ರು. ಮಧು ಅಂದ್ರು. ನಾನು ಬಿಚ್ಚಿ ನೋಡ್ಲಿಲ್ಲ. ಮಣ್ಣು ಎಳೆದೆ, ಚಾರ್ಟ್ ತಿದ್ದಿದೆ, ಅಷ್ಟೇ ನನ್ನ ಕೆಲಸ!"

ಮೇಲೆ ಅಂಚಿನಲ್ಲಿ ನಿಂತಿದ್ದ ಲಿಂಗಮ್ಮನ ಕೈಯಿಂದ ಗೋಣಿಚೀಲ ಜಾರಿ ಬಿತ್ತು.

"ಮಧು ಅಂದ್ನಾ?" ಎಂದಳು. ದನಿ ಸಣ್ಣ ಮಗುವಿನದಂತಿತ್ತು.

ಅವಳು ಅಳಲಿಲ್ಲ. ತಿರುಗಿ ಹೋದಳು. ಮೋಟಾರು ಗುಂಯ್‌ಗುಟ್ಟಿತು. ದಿನಾ ಸ್ಲ್ಯಾಬಿಗೆ ನೀರು ಹೊಡೆಯುವ ಅದೇ ಪೈಪನ್ನು ಎಳೆದುಕೊಂಡು ಬಂದು, ಸೀರೆ ಎತ್ತಿ ಕಟ್ಟಿ ಗುಂಡಿಗೆ ಇಳಿದಳು.

"ಗಟ್ಟಿಯಾಗೋ ಮುಂಚೆ ತೆಗೀಬೇಕು ಕಣವ್ವ," ಎಂದಳು. "ಇನ್ನು ಒಂದು ಗಂಟೆ ಅಷ್ಟೇ ಟೈಮು."

ಒಂದು ಕೈಯಲ್ಲಿ ನೀರು ಬಿಟ್ಟು ಇನ್ನೊಂದು ಕೈಯಲ್ಲಿ ಬಾಚಿದಳು. ಸೌಮ್ಯಶ್ರೀ ಮುರಿದ ಭುಜವನ್ನು ಮೈಗೆ ಒತ್ತಿಕೊಂಡು, ಉಳಿದ ಒಂದು ಕೈಯಿಂದ ಬಾಚಿದಳು. ಜಲ್ಲಿಯ ಅಂಚಿಗೆ ಉಗುರು ಸೀಳಿ ಸಿಮೆಂಟು ನೀರು ಕೆಂಪಾಯಿತು. ಸಿದ್ದಲಿಂಗೇಶನ ನರಳಾಟ, ನೀರಿನ ಸದ್ದು, ಬೇರೇನೂ ಇಲ್ಲ.

ಗೋಣಿ ಕಂಡಿತು. ಹೊಲಿಗೆಯನ್ನು ಲಿಂಗಮ್ಮ ಹಲ್ಲಿನಿಂದ ಕಚ್ಚಿ ಹರಿದಳು.

ತಲೆಯ ಹಿಂಭಾಗ ಒಳಕ್ಕೆ ಕುಸಿದಿತ್ತು, ಜಾಕಿನ ಅಂಗೈಯಗಲದ ತಟ್ಟೆಯ ಮೂಲೆಯಷ್ಟೇ ಚೌಕವಾಗಿ. ಊದಿಕೊಂಡ ಮುಖದ ಮೇಲೆ ಮಣ್ಣು ಮೆತ್ತಿತ್ತು. ಲಿಂಗಮ್ಮ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ನೀರನ್ನು ತುಂತುರು ಮಾಡಿ, ಎಳೆಗೂಸನ್ನು ಮೀಯಿಸುವಂತೆ ಆ ಮುಖವನ್ನು ತೊಳೆದಳು.

ತೊಳೆಯುತ್ತಿದ್ದ ಕೈ ತಟ್ಟನೆ ನಿಂತಿತು.

"ಅಲ್ಲ," ಎಂದಳು. ಬಗ್ಗಿ ಹತ್ತಿರದಿಂದ ನೋಡಿದಳು. "ಅಲ್ಲ! ನನ್ ಮಗ ಅಲ್ಲ ಕಣವ್ವ! ಇವ್ನು ನನ್ ಮಗ ಅಲ್ಲ!"

ಅವಳು ನಗುತ್ತಿದ್ದಳು. ಸಿಮೆಂಟು ಮೆತ್ತಿದ ಕೈಯಿಂದ ಸೌಮ್ಯಶ್ರೀಯ ಗಲ್ಲ ಹಿಡಿದು ಅಲುಗಾಡಿಸುತ್ತ ನಗುತ್ತಿದ್ದಳು.

ಸೌಮ್ಯಶ್ರೀ ನಗಲಿಲ್ಲ. ನೀರು ಹೆಣದ ಕತ್ತಿನಿಂದ ಎದೆಗೆ ಇಳಿಯುತ್ತಿತ್ತು. ಬನಿಯನ್ನಿನ ಒಳಗಿಂದ ಒಂದು ದಾರ ಹೊರಬಿದ್ದಿತ್ತು. ಅವಳು ಅದನ್ನು ಬೆರಳಿನಿಂದ ಮೆಲ್ಲಗೆ ಎಳೆದಳು. ಕೆಸರಿನೊಳಗಿಂದ ಬೆಳ್ಳಿಯ ಕರಡಿಗೆ ಮೇಲೆ ಬಂತು. ಮುಚ್ಚಳದ ಮೇಲೆ ನಂದಿ. ನಂದಿಗೆ ಒಂದೇ ಕೊಂಬು.

ಪಕ್ಕದಲ್ಲಿ ನರಳಾಟ ನಿಂತಿತ್ತು. ಸಿದ್ದಲಿಂಗೇಶ್ ಕಂಬಿಯನ್ನು ಮರೆತು ಕತ್ತು ಚಾಚಿ ನೋಡುತ್ತಿದ್ದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಬಸವಕಿರಣ್..." ಎಂದ. "ಹೆಂಗೆ? ಗುರುತು ಹಿಡಿದು ನಾನೇ ಸಹಿ ಹಾಕಿದ್ನಲ್ಲ. ಹೆಲ್ಮೆಟ್ಟು, ಐಡಿ ಕಾರ್ಡು, ವಾಚು, ಎಲ್ಲಾ ಅವನದೇ... ಮಣ್ಣು ಮಾಡಿದ್ವಲ್ಲ ಅವನನ್ನ!"

ಅವನು ನಟಿಸುತ್ತಿರಲಿಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ಸೌಮ್ಯಶ್ರೀ ಅಷ್ಟನ್ನು ಕಲಿತಿದ್ದಳು. ಈ ಮನುಷ್ಯನಿಗೂ ಯಾರೋ ಸುಳ್ಳು ಹೇಳಿದ್ದರು.

"ಗೋಣಿ ಕೊಟ್ಟಿದ್ದು ಯಾರು?" ಎಂದು ಅವನ ಕಡೆ ತಿರುಗಿದಳು.

ಆದರೆ ಅವನ ಕಣ್ಣು ಅವಳ ಮೇಲಿರಲಿಲ್ಲ. ಲಿಂಗಮ್ಮನ ಮೇಲಿತ್ತು.

ಲಿಂಗಮ್ಮನ ನಗು ನಿಂತಿತ್ತು. ಪೈಪಿನ ನೀರು ಕಾಲ ಬಳಿ ಸುಮ್ಮನೆ ಹರಿದು ಪೋಲಾಗುತ್ತಿತ್ತು. ಅವಳು ತನ್ನ ಬಲಗೈಯನ್ನು ಎತ್ತಿ, ಅಂಗೈ ಬಿಡಿಸಿ, ಅದು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದಳು.

"ಇಂಜಿನೀರಪ್ಪ ಇಲ್ಲೇ ಅವ್ರೆ," ಎಂದಳು ನಿಧಾನವಾಗಿ. "ಹಂಗಾದ್ರೆ ಮೊನ್ನೆ ನಾನು ಮಣ್ಣು ಹಾಕಿದ್ದು ಯಾರ್ ಮ್ಯಾಲೆ ಕಣವ್ವ?"